ಬಾಡಿಗೆಗೆ ಬಂದು ಒಡತಿಯಾದವಳು

‘ಹೋಟೆಲು’ ಎಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಹಬೆಯಾಡುವ ಇಡ್ಲಿಯ ತಟ್ಟೆ, ನೊರೆಗಟ್ಟಿದ ಕಾಫಿಯ ಲೋಟ, ‘ಎರಡು ಮಸಾಲೆ!’ ಎಂದು ಕೂಗುವ ಮಾಣಿ. ಆದರೆ ಈ ಮಾತಿನ ಪೂರ್ವಾಶ್ರಮವೇ ಬೇರೆ. ಪ್ಯಾರಿಸ್ ನಗರದಲ್ಲಿ ಇಂದಿಗೂ ‘ಓತೆಲ್’ ಎಂದು ಕರೆಯಿಸಿಕೊಳ್ಳುವ ಹಳೆಯ ಕಟ್ಟಡಗಳು ಅನೇಕವಿವೆ. ಅವುಗಳ ಬಾಗಿಲಿಗೆ ಹೋಗಿ ಕಾಫಿಯನ್ನು ಬೇಡಿದರೆ ದ್ವಾರಪಾಲಕನು ನಕ್ಕು ಮುಂದಿನ ಬೀದಿಯತ್ತ ಕೈ ತೋರಿಸಿಯಾನು. ಫ್ರೆಂಚರ ನುಡಿಯಲ್ಲಿ ಈ ಶಬ್ದಕ್ಕೆ ಪ್ರಯಾಣಿಕರ ವಸತಿಗೃಹ ಎಂಬ ಅರ್ಥವಿರುವಂತೆಯೇ, ಶ್ರೀಮಂತ ಮನೆತನದವರು ನಗರದ ನಡುವೆ ತಮಗಾಗಿ ಕಟ್ಟಿಸಿಕೊಂಡ ಮಹಾಗೃಹ ಎಂಬ ಅರ್ಥವೂ ಉಂಟು.

ಅಂಥ ಮಹಾಗೃಹಗಳಲ್ಲೊಂದು ‘ಕಾರ್ನವಾಲೆ’. ಇದು ತಲೆಯೆತ್ತಿ ನಾಲ್ಕುನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಾದುವು. ಈ ಅವಧಿಯಲ್ಲಿ ನ್ಯಾಯಾಧಿಪತಿ, ರಾಜಸೇವಕನ ವಿಧವೆ, ಹಣಕಾಸಿನ ಕುಬೇರ, ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಶಾಲೆಯ ಹುಡುಗರು ಎಲ್ಲರೂ ಇದರ ಹೊಸ್ತಿಲನ್ನು ತುಳಿದಿದ್ದಾರೆ. ಕಟ್ಟಿಸಿದವನೊಬ್ಬ, ಹೆಸರು ಕೊಟ್ಟವನೊಬ್ಬ, ಅಂದಗೊಳಿಸಿದವನು ಮತ್ತೊಬ್ಬ. ಆದರೆ ಇಂದು ಆ ಮನೆಯ ಮಾತು ಬಂದಾಗ ಜನರ ನೆನಪಿಗೆ ಬರುವುದು ಇವರಾರೂ ಅಲ್ಲ. ಕಾಲಕಾಲಕ್ಕೆ ಬಾಡಿಗೆ ತೆತ್ತು ಅಲ್ಲಿ ವಾಸವಾಗಿದ್ದ ಒಬ್ಬ ವಿಧವೆ. ಒಡೆತನದ ಕಾಗದಪತ್ರಗಳಲ್ಲಿ ಎಲ್ಲಿಯೂ ಇಲ್ಲದ ಆಕೆ ಅಲ್ಲಿಯ ನಿಜವಾದ ಒಡತಿಯಾದ ಬಗೆ ಕೇಳತಕ್ಕ ಕಥೆ.

ಜೌಗಿನಲ್ಲಿ ಎದ್ದ ಮಹಾಗೃಹ

ಪ್ಯಾರಿಸ್ಸಿನಲ್ಲಿ ಸೇನ್ ನದಿಯ ಬಲದಂಡೆಗೆ ‘ಮರೇ’ ಎಂಬ ಬಡಾವಣೆಯಿದೆ. ‘ಮರೇ’ ಎಂದರೆ ಜೌಗು. ಹಿಂದೆ ಒದ್ದೆನೆಲವಾಗಿದ್ದ ಆ ಪ್ರದೇಶವನ್ನು ಮಠದ ಸಂನ್ಯಾಸಿಗಳು ಹಸನುಮಾಡಿ ಕಾಯಿಪಲ್ಯದ ತೋಟಗಳನ್ನು ಮಾಡಿಕೊಂಡಿದ್ದರು. ಹದಿನಾರನೆಯ ಶತಮಾನದ ಮಧ್ಯದಲ್ಲಿ ಆ ತೋಟಗಳು ನಿವೇಶನಗಳಾಗಿ ಮಾರಾಟಕ್ಕೆ ಬಂದುವು. ಊರು ಬೆಳೆದಂತೆ ತೋಟ ಹೋಗಿ ಬಡಾವಣೆ ಬರುವ ಈ ಸಂಗತಿ ನಮಗೇನೂ ಹೊಸದಲ್ಲ.

ಹಾಗೆ ನಿವೇಶನ ಕೊಂಡವರಲ್ಲಿ ಜಾಕ್ ದೆ ಲಿನ್ಯೆರಿ ಎಂಬಾತನೊಬ್ಬ. ಈತನು ಪ್ಯಾರಿಸ್ಸಿನ ‘ಪಾರ್ಲಮಾ’ದ ಅಧ್ಯಕ್ಷರಲ್ಲಿ ಒಬ್ಬನಾಗಿದ್ದನು. ಹೆಸರು ಪಾರ್ಲಿಮೆಂಟನ್ನು ನೆನಪಿಗೆ ತಂದರೂ ಅದು ಇಂದಿನಂಥ ಶಾಸನಸಭೆಯಲ್ಲ. ದೊರೆಯ ಹೆಸರಿನಲ್ಲಿ ನ್ಯಾಯ ತೀರ್ಮಾನಿಸುತ್ತಿದ್ದ ಉನ್ನತ ಪೀಠ. ೧೫೪೮ರಲ್ಲಿ ಈತನ ಮನೆಯ ಕೆಲಸ ಮೊದಲಾಯಿತು.

ಇಂಥ ಮನೆಗಳ ರಚನೆಗೆ ಒಂದು ಕ್ರಮವಿತ್ತು. ಬೀದಿಯ ಕಡೆಗೆ ಎತ್ತರದ ಗೋಡೆ. ಅದರ ನಡುವೆ ಕುದುರೆಗಾಡಿ ಸಲೀಸಾಗಿ ಒಳಹೋಗುವಷ್ಟು ಅಗಲವಾದ ಹೆಬ್ಬಾಗಿಲು. ಹೆಬ್ಬಾಗಿಲನ್ನು ದಾಟಿದರೆ ಕಲ್ಲು ಹಾಸಿದ ಅಂಗಳ. ಅಂಗಳದ ಎರಡು ಪಕ್ಕಗಳಲ್ಲಿ ಅಡಿಗೆಮನೆ, ಲಾಯ ಮೊದಲಾದುವು. ಎದುರಿಗೆ ಯಜಮಾನನ ವಾಸದ ಸೌಧ. ಅದರ ಹಿಂದೆ ತೋಟ. ಬೀದಿಯ ಧೂಳಿಗೂ ಗದ್ದಲಕ್ಕೂ ಗೋಡೆಯನ್ನು ತೋರಿಸಿ, ಬೆಡಗನ್ನೆಲ್ಲ ಒಳಗಿಟ್ಟುಕೊಳ್ಳುವ ಮನೆ ಇದು. ನಮ್ಮ ಹಳೆಯ ತೊಟ್ಟಿಮನೆಗಳನ್ನು ಕಂಡವರಿಗೆ ಈ ಮನೋಧರ್ಮದ ಪರಿಚಯ ಬೇರೆಯಾಗಿ ಬೇಕಿಲ್ಲ.

ಅಂಗಳದ ಎದುರು ಗೋಡೆಯ ಮೇಲೆ ನಾಲ್ಕು ಋತುಗಳನ್ನು ಮಾನುಷಾಕೃತಿಗಳಾಗಿ ಕೆತ್ತಿದ ಎತ್ತರದ ಉಬ್ಬುಶಿಲ್ಪಗಳಿವೆ. ಆ ಕಾಲದ ಶ್ರೇಷ್ಠ ಶಿಲ್ಪಿ ಜಾಂ ಗೂಜೋಂ ಮತ್ತು ಅವನ ಶಿಷ್ಯರ ಕೈವಾಡ ಅವೆಂದು ಪ್ರತೀತಿ. ಒಡೆಯರು ಎಷ್ಟು ಮಂದಿ ಬದಲಾದರೂ ವಸಂತ, ಗ್ರೀಷ್ಮ, ಶರತ್, ಶಿಶಿರಗಳು ಮಾತ್ರ ಅಂದಿನಿಂದ ಇಂದಿನವರೆಗೆ ಆ ಅಂಗಳವನ್ನು ಬಿಟ್ಟು ಕದಲಲಿಲ್ಲ.

ತಿರುಚಿಹೋದ ಹೆಸರು

ಕಟ್ಟಿಸಿದವನಿಗೆ ಆ ಮನೆಯ ಸುಖ ಬಹುಕಾಲ ದೊರೆಯಲಿಲ್ಲ. ದೆ ಲಿನ್ಯೆರಿ ೧೫೫೬ರಲ್ಲಿ ತೀರಿಕೊಂಡನು. ೧೫೭೮ರಲ್ಲಿ ಅವನ ಮಗನು ಮನೆಯನ್ನು ಮಾರಿದನು. ಕೊಂಡವಳು ಒಬ್ಬ ವಿಧವೆ. ಆಕೆಯ ಗಂಡ ಫ್ರಾನ್ಸ್ವಾ ದ ಕೆರ್ನೆವೆನುವಾ ಬ್ರಿಟನಿ ಪ್ರಾಂತದವನು. ಮುಂದೆ ಮೂರನೆಯ ಹೆನ್ರಿಯೆಂದು ಸಿಂಹಾಸನವೇರಿದ ರಾಜಕುಮಾರನ ಸೇವೆಯಲ್ಲಿದ್ದ ನುರಿತ ಅಶ್ವಾರೋಹಿ.

ಬ್ರಿಟನಿಯವರ ಹೆಸರು ಪ್ಯಾರಿಸ್ಸಿನವರ ನಾಲಗೆಗೆ ತೊಡಕು. ‘ಕೆರ್ನೆವೆನುವಾ’ ಎಂಬುದು ಅವರ ಬಾಯಲ್ಲಿ ಹೊರಳಿ ಹೊರಳಿ ‘ಕಾರ್ನವಾಲೆ’ ಆಯಿತು. ಆ ಹೆಸರೇ ಮನೆಗೂ ನಿಂತಿತು. ಇದರಲ್ಲಿ ಒಂದು ವಿನೋದವಿದೆ. ಆ ಅಶ್ವಾರೋಹಿಯು ೧೫೭೧ರಲ್ಲಿಯೇ ಮರಣ ಹೊಂದಿದ್ದನು. ಮನೆಯನ್ನು ಕೊಂಡದ್ದು ಅದಾದ ಏಳು ವರ್ಷಗಳಿಗೆ. ಎಂದರೆ, ಎಂದೂ ಅಲ್ಲಿ ವಾಸಮಾಡದವನ ಹೆಸರು, ಅದೂ ತಪ್ಪು ಉಚ್ಚಾರಣೆಯಲ್ಲಿ, ಆ ಮನೆಗೆ ಶಾಶ್ವತವಾಗಿ ಅಂಟಿಕೊಂಡಿತು! ಹೆಬ್ಬಾಗಿಲ ಮೇಲಿನ ಸ್ತ್ರೀವಿಗ್ರಹದ ಕಾಲಡಿಯಲ್ಲಿ ಒಂದು ಮುಖವಾಡವಿದೆ. ಮೊದಲು ಅಲ್ಲಿದ್ದ ಗೋಳವನ್ನೇ ಕಾರ್ನಿವಲ್ ಹಬ್ಬದ ಮುಖವಾಡವಾಗಿ ಕೆತ್ತಿ, ‘ಕಾರ್ನವಾಲೆ’ ಎಂಬ ಹೆಸರಿಗೆ ಶ್ಲೇಷೆಯನ್ನು ಕಲ್ಲಿನಲ್ಲಿಯೇ ಮೂಡಿಸಿದರೆಂದು ಹೇಳುತ್ತಾರೆ.

ಹದಿನೇಳನೆಯ ಶತಮಾನದ ನಡುವೆ ಮನೆಯು ಕ್ಲೋದ್ ಬ್ವಾಲೆವ್ ಎಂಬ ಹಣಕಾಸಿನ ಅಧಿಕಾರಿಯ ಕೈಗೆ ಬಂದಿತು. ಹಳೆಯ ಮನೆ ಅವನಿಗೆ ಸಾಲದಾಯಿತು. ೧೬೬೦ರ ಸುಮಾರಿಗೆ ಅಂದಿನ ಹೆಸರಾಂತ ವಾಸ್ತುಶಿಲ್ಪಿ ಫ್ರಾನ್ಸ್ವಾ ಮಾನ್ಸಾರನನ್ನು ಕರೆಸಿದನು. ಇಳಿಜಾರು ಮಾಡಿನ ಕೆಳಗಿನ ಅಟ್ಟವನ್ನು ಫ್ರೆಂಚರು ಇಂದಿಗೂ ‘ಮಾನ್ಸಾರ್ದ್’ ಎನ್ನುವುದು ಈತನ ಹೆಸರಿನಿಂದಲೇ. ಮಾನ್ಸಾರನು ಪಕ್ಕದ ಭಾಗಗಳನ್ನು ಎತ್ತರಿಸಿ, ಬೀದಿಯ ಮುಖವನ್ನು ಹೊಸತು ಮಾಡಿದನು; ಆದರೆ ಹಿಂದಿನವರ ಶಿಲ್ಪಗಳಿಗೆ ಗೌರವ ಕೊಟ್ಟು ಹಾಗೆಯೇ ಉಳಿಸಿದನು. ದೊಡ್ಡವರ ದೊಡ್ಡತನ ಹೀಗೆ.

ಬ್ವಾಲೆವನ ವೈಭವ ನೀರಮೇಲಣ ಗುಳ್ಳೆಯಾಯಿತು. ಅವನು ಹದಿನಾಲ್ಕನೆಯ ಲೂಯಿಯ ಅರ್ಥಸಚಿವ ಫೂಕೆಯ ಬಳಗದವನು. ೧೬೬೧ರಲ್ಲಿ ದೊರೆಯು ಫೂಕೆಯನ್ನು ಸೆರೆಹಿಡಿಸಿದನು. ೧೬೬೪ರಲ್ಲಿ ವಿಚಾರಣೆ ಮುಗಿದು ಫೂಕೆಗೆ ಆಜೀವ ಸೆರೆವಾಸವಾಯಿತು. ದೊಡ್ಡ ಮರ ಉರುಳಿದಾಗ ಕೆಳಗಿನ ಗಿಡಗಳು ಉಳಿದಾವೆ? ಬ್ವಾಲೆವನಿಗೂ ಭಾರಿ ದಂಡ ಬಿದ್ದಿತು. ಆಸೆಪಟ್ಟು ಅಂದಗೊಳಿಸಿದ ಮನೆ ಕೈಬಿಟ್ಟಿತು.

ಆ ವಿಚಾರಣೆ ನಡೆಯುತ್ತಿದ್ದಾಗ ಫೂಕೆಯ ಸ್ನೇಹವನ್ನು ಮರೆಯದೆ, ದಿನದಿನದ ಸುದ್ದಿಯನ್ನು ಕಳವಳದಿಂದ ಮತ್ತೊಬ್ಬ ಮಿತ್ರನಿಗೆ ಬರೆಯುತ್ತಿದ್ದ ಹೆಂಗಸೊಬ್ಬಳಿದ್ದಳು. ಫೂಕೆಯೊಡನೆ ಕೆಟ್ಟವನ ಮನೆಗೆ ಮುಂದೊಂದು ದಿನ ತಾನೇ ಬಾಡಿಗೆಗೆ ಬಂದೇನೆಂದು ಆಕೆ ಕನಸಿನಲ್ಲಿಯೂ ಎಣಿಸಿರಲಾರಳು. ಅವಳೇ ಮದಾಂ ದ ಸೆವಿನ್ಯೆ.

ತಾಯಿ, ಮಗಳು, ಟಪ್ಪಾಲು

ಈಕೆ ಹುಟ್ಟಿದ್ದು ೧೬೨೬ರಲ್ಲಿ, ಕಾರ್ನವಾಲೆಯಿಂದ ನಡೆದು ಹೋಗುವಷ್ಟು ಸಮೀಪದಲ್ಲಿರುವ ರಾಜಚೌಕದಲ್ಲಿ. ವರುಷ ತುಂಬಿದ ಮೇಲೆ ತಂದೆ ಯುದ್ಧದಲ್ಲಿ ಮಡಿದನು. ಏಳರ ವಯಸ್ಸಿನಲ್ಲಿ ತಾಯಿ ಹೋದಳು. ಬಂಧುಗಳು ಸಾಕಿದರು. ಹದಿನೆಂಟಕ್ಕೆ ಮದುವೆ, ಗಂಡನಾದರೋ ಸ್ವೇಚ್ಛಾಚಾರಿ. ೧೬೫೧ರಲ್ಲಿ ದ್ವಂದ್ವಯುದ್ಧದಲ್ಲಿ ಅವನು ಸತ್ತಾಗ ಆಕೆಗೆ ಇಪ್ಪತ್ತೈದು ವರ್ಷ. ಮಡಿಲಲ್ಲಿ ಒಂದು ಹೆಣ್ಣು, ಒಂದು ಗಂಡು. ಸೊಬಗೂ ಜಾಣತನವೂ ಇದ್ದ ಆಕೆ ಮತ್ತೆ ಮದುವೆಯಾಗಲಿಲ್ಲ. ಸೋದರಮಾವನಾದ ಕೂಲಾಂಜ್ ಎಂಬ ಮಠಾಧಿಕಾರಿಯ ನೆರವಿನಿಂದ ಕೆಟ್ಟ ಆಸ್ತಿಯನ್ನು ನೆಟ್ಟಗೆ ಮಾಡಿಕೊಂಡು ಮಕ್ಕಳನ್ನು ಬೆಳೆಸಿದಳು.

೧೬೬೯ರಲ್ಲಿ ಮಗಳ ಮದುವೆಯಾಯಿತು. ಅಳಿಯ ಗ್ರಿನ್ಯಾಂ ಪ್ರಭುವಿಗೆ ದೂರದ ಪ್ರೋವಾಂಸ್ ಪ್ರಾಂತದ ಆಡಳಿತದ ಹೊಣೆ ಬಂದಿತು. ೧೬೭೧ರ ಫೆಬ್ರವರಿಯಲ್ಲಿ ಮಗಳು ಗಂಡನ ಊರಿಗೆ ಹೊರಟುಹೋದಳು. ಪ್ಯಾರಿಸ್ಸು ದೇಶದ ಉತ್ತರಕ್ಕೆ, ಪ್ರೋವಾಂಸು ದಕ್ಷಿಣದ ತುದಿಗೆ. ನಡುವೆ ವಾರಗಟ್ಟಲೆಯ ಪ್ರಯಾಣ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳುಹಿಸಿ ಬರಿದಾದ ಮನೆಗೆ ಹಿಂದಿರುಗಿದ ತಾಯಿಯ ಸಂಕಟವನ್ನು ತವರಿನ ಹಾಡುಗಳನ್ನು ಕೇಳುತ್ತ ಬೆಳೆದ ನಮ್ಮವರಿಗೆ ವಿವರಿಸಬೇಕಿಲ್ಲ.

ಆ ತಾಯಿ ಕಾಗದ ಬರೆಯಲು ಕುಳಿತಳು. ವಾರಕ್ಕೆ ಎರಡು ಬಾರಿಯಾದರೂ ಟಪ್ಪಾಲು ಹೊರಡುತ್ತಿತ್ತು, ಒಂದನ್ನೂ ತಪ್ಪಿಸಲಿಲ್ಲ. ಅರಮನೆಯ ಸುದ್ದಿ, ನೆಂಟರ ಸುದ್ದಿ, ಹುಲ್ಲು ಕೊಯ್ಯುವ ಸುಗ್ಗಿ, ಚಾಕೊಲೇಟ್ ಕುಡಿಯುವುದರ ಗುಣದೋಷ, ದೊರೆಯ ಔತಣಕ್ಕೆ ಮೀನು ಹೊತ್ತಿಗೆ ಬರಲಿಲ್ಲವೆಂದು ಪ್ರಾಣ ಕಳೆದುಕೊಂಡ ವತೆಲ್ ಎಂಬ ಪಾಕಾಧಿಕಾರಿಯ ದುರಂತ, ಯಾವುದನ್ನೂ ಬಿಡಲಿಲ್ಲ. ಅವು ಅಚ್ಚಾಗಲೆಂದು ಬರೆದುವಲ್ಲ. ಮಗಳು ತನ್ನ ಪಕ್ಕದಲ್ಲಿ ಕುಳಿತಿದ್ದಾಳೆಂದು ಭಾವಿಸಿ ಆಡಿದ ಮಾತುಗಳು. ಆಕೆಯ ಪತ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಉಳಿದುಬಂದಿವೆ. ಹೆಚ್ಚಿನವು ಮಗಳಿಗೆ ಬರೆದುವು. ಹದಿನೆಂಟನೆಯ ಶತಮಾನದಲ್ಲಿ ಅವು ಪ್ರಕಟವಾದಾಗ, ಫ್ರೆಂಚ್ ಗದ್ಯದ ಸೊಗಸಿಗೆ ಇವೇ ಮಾದರಿ ಎಂದು ಪಂಡಿತರು ತಲೆದೂಗಿದರು.

ಎಲ್ಲರಿಗೂ ಸ್ಥಳವಿರುವ ಮನೆ

ತಾಯಿ ಮಗಳ ಪ್ರೀತಿ ಎಂದರೆ ಬರಿಯ ಜೇನು ಹಾಲು ಎಂದು ಭಾವಿಸಬಾರದು. ಮಗಳು ತವರಿಗೆ ಬಂದಿದ್ದಾಗ ತಾಯಿಯ ಅತಿಯಾದ ಕಾಳಜಿಯೇ ಆಕೆಗೆ ಹೊರೆಯಾಗುತ್ತಿತ್ತು. ‘ಸೊರಗಿದೆ, ಉಣ್ಣಲೊಲ್ಲೆ, ಮದ್ದು ತೆಗೆದುಕೊಳ್ಳಲೊಲ್ಲೆ’ ಎಂಬ ತರಹದ ಮಾತುಗಳಿಂದ ಮನಸ್ತಾಪ ಬೆಳೆದು, ೧೬೭೭ರ ಜೂನ್ ತಿಂಗಳಲ್ಲಿ ಇಬ್ಬರೂ ನೊಂದುಕೊಂಡೇ ಅಗಲಿದರು.

ಅದೇ ವರ್ಷದ ಶರತ್ಕಾಲದಲ್ಲಿ ಮದಾಂ ದ ಸೆವಿನ್ಯೆ ಕಾರ್ನವಾಲೆಯನ್ನು ಬಾಡಿಗೆಗೆ ಹಿಡಿದಳು. ಒಬ್ಬಂಟಿ ವಿಧವೆಗೆ ಅಷ್ಟು ದೊಡ್ಡ ಮನೆ ಏತಕ್ಕೆ? ಉತ್ತರ ಆಕೆಯ ಪತ್ರದಲ್ಲಿಯೇ ಇದೆ. ಮಗಳು, ಅಳಿಯ, ಅವರ ಮಕ್ಕಳು, ಮುದಿಯಾದ ಸೋದರಮಾವ ಎಲ್ಲರೂ ಒಂದೇ ಸೂರಿನ ಕೆಳಗೆ ಇರಬಹುದಾದ ಮನೆ ಅದು. ಮನೆ ಸಿಕ್ಕಿದ ಸಂಭ್ರಮದಲ್ಲಿ ಆಕೆ ಮಗಳಿಗೆ ತಿಳಿಸಿದ ಸಂಗತಿಗಳನ್ನು ನೋಡಿದರೆ, ಬಾಡಿಗೆಮನೆಯನ್ನು ಹುಡುಕಿ ಅಲೆದ ಯಾವ ಗೃಹಿಣಿಯೂ ನಕ್ಕಾಳು. ಮರದ ನೆಲಹಾಸು ಇಲ್ಲ, ಈಗಿನ ಷೋಕಿಯ ಪುಟ್ಟ ಅಗ್ಗಿಷ್ಟಿಕೆಗಳೂ ಇಲ್ಲ. ಏನು ಮಾಡುವುದು, ಎಲ್ಲವೂ ಒಂದೇ ಕಡೆ ಸಿಕ್ಕೀತೆ? ಆದರೆ ಅಂಗಳ ಚೆನ್ನಾಗಿದೆ, ತೋಟ ಚೆನ್ನಾಗಿದೆ, ಬಡಾವಣೆಯೂ ಒಳ್ಳೆಯದು ಎಂಬುದು ಆಕೆಯ ಸಮಾಧಾನ. ಮುನ್ನೂರೈವತ್ತು ವರ್ಷಗಳ ಹಿಂದಿನ ಆ ಲೆಕ್ಕಾಚಾರಕ್ಕೂ ನಮ್ಮ ಮನೆಗಳಲ್ಲಿ ರಾತ್ರಿ ಊಟದ ಮೇಲೆ ನಡೆಯುವ ಲೆಕ್ಕಾಚಾರಕ್ಕೂ ಎಷ್ಟು ಅಂತರ?

ಮಗಳು ಬಂದಳು. ಆ ವರ್ಷದ ಚಳಿಗಾಲದಿಂದ ೧೬೭೯ರವರೆಗೆ ಇದ್ದಳು. ಮತ್ತೆ ೧೬೮೦ರ ಕೊನೆಯಲ್ಲಿ ಬಂದು ೧೬೮೮ರವರೆಗೆ, ಸುಮಾರು ಎಂಟು ವರ್ಷ, ಪ್ಯಾರಿಸ್ಸಿನಲ್ಲಿ ನಿಂತಳು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಗಳು ಎದುರಿಗೇ ಇರುವಾಗ ಕಾಗದ ಬರೆಯುವ ಪ್ರಮೇಯವೆಲ್ಲಿ? ಕಾರ್ನವಾಲೆಯನ್ನು ಪ್ರಸಿದ್ಧಗೊಳಿಸಿದ್ದು ಆಕೆಯ ಪತ್ರಗಳು. ಆದರೆ ಅವುಗಳಲ್ಲಿ ಅತ್ಯಂತ ಹೆಸರಾದ ಎಷ್ಟೋ ಪತ್ರಗಳು ಈ ಮನೆಗೆ ಬರುವುದಕ್ಕೆ ಮುಂಚೆಯೇ ಬರೆದುವು. ಈ ಮನೆ ತುಂಬಿದ್ದ ಕಾಲದಲ್ಲಿ ಮಗಳ ಹೆಸರಿನ ಪತ್ರಗಳೇ ವಿರಳ. ಸಾಹಿತ್ಯಚರಿತ್ರೆಗೆ ಆ ವರ್ಷಗಳು ನಷ್ಟದಂತೆ ಕಂಡಾವು. ತಾಯಿಯ ಪಾಲಿಗೆ ಅವೇ ಲಾಭದ ವರ್ಷಗಳು. ಪತ್ರವಿಲ್ಲದ ಆ ಮೌನದಲ್ಲಿಯೇ ಮನೆಯ ಸುಖವನ್ನು ಓದಿಕೊಳ್ಳಬೇಕು.

೧೬೮೭ರಲ್ಲಿ ಸೋದರಮಾವ ಕಣ್ಮುಚ್ಚಿದನು. ಮರುವರ್ಷ ಮಗಳು ದಕ್ಷಿಣಕ್ಕೆ ಹಿಂದಿರುಗಲು, ಟಪ್ಪಾಲಿನ ಕೆಲಸ ಮತ್ತೆ ಮೊದಲಾಯಿತು. ೧೬೯೪ರಲ್ಲಿ ತಾಯಿಯೇ ಮಗಳ ಊರಿಗೆ ಹೊರಟಳು. ಮತ್ತೆ ಪ್ಯಾರಿಸ್ಸನ್ನು ಕಾಣಲಿಲ್ಲ. ೧೬೯೬ರ ಏಪ್ರಿಲ್ ೧೭ರಂದು ಗ್ರಿನ್ಯಾಂ ಕೋಟೆಯಲ್ಲಿ ಜ್ವರದಿಂದ ಮೃತಳಾದಳು. ಮಗಳು ಬರೆದ ಉತ್ತರಗಳು ಉಳಿಯಲಿಲ್ಲ. ನಮಗೆ ಕೇಳಿಸುವುದು ಒಂದೇ ಕಡೆಯ ಮಾತು.

ಸೇತುವೆಯ ಪಾಠ, ಹುಡುಗರ ಗದ್ದಲ

ಅತ್ತ ೧೬೮೨ರಲ್ಲಿ ಹದಿನಾಲ್ಕನೆಯ ಲೂಯಿ ರಾಜಸಭೆಯನ್ನು ವರ್ಸೇಲ್ಸಿಗೆ ಸಾಗಿಸಿದ್ದನು. ಹೂವಿದ್ದೆಡೆಗೆ ದುಂಬಿ, ದೊರೆಯಿದ್ದೆಡೆಗೆ ಶ್ರೀಮಂತರು. ಹದಿನೆಂಟನೆಯ ಶತಮಾನದಲ್ಲಿ ಮನೆತನಸ್ಥರು ಒಬ್ಬೊಬ್ಬರಾಗಿ ನಗರದ ಪಶ್ಚಿಮಕ್ಕೆ, ಸೇನ್ ನದಿಯ ಆಚೆಯ ಹೊಸ ಬಡಾವಣೆಗಳಿಗೆ ಸರಿದರು. ೧೭೮೯ರ ಮಹಾಕ್ರಾಂತಿಯು ಉಳಿದದ್ದನ್ನೂ ತೊಳೆದುಕೊಂಡು ಹೋಯಿತು. ಮರೇ ಬಡಾವಣೆಯ ಮಹಾಗೃಹಗಳು ಭಾಗಭಾಗವಾಗಿ ಸೀಳಿಹೋದುವು. ರತ್ನಗಂಬಳಿ ಹಾಸಿದ್ದ ಹಜಾರಗಳಲ್ಲಿ ಬಡಗಿಯ ಗರಗಸ, ಕಂಚುಗಾರನ ಸುತ್ತಿಗೆ ಸದ್ದುಮಾಡತೊಡಗಿದುವು.

ಕಾರ್ನವಾಲೆಯ ಅದೃಷ್ಟ ಸ್ವಲ್ಪ ನೆಟ್ಟಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸೇತುವೆ ಮತ್ತು ರಸ್ತೆಗಳ ನಿರ್ಮಾಣವನ್ನು ಕಲಿಸುವ ಸರಕಾರದ ಪ್ರಸಿದ್ಧ ಇಂಜಿನಿಯರಿಂಗ್ ವಿದ್ಯಾಲಯ ಅಲ್ಲಿ ನಡೆಯಿತು. ಅದು ಬಿಟ್ಟುಹೋದ ಮೇಲೆ ಹುಡುಗರ ವಸತಿಶಾಲೆಯೊಂದು ಬಂದಿತು. ಮದಾಂ ದ ಸೆವಿನ್ಯೆಯ ಅತಿಥಿಗಳು ಮೆಲುಮಾತನಾಡಿದ ಕೋಣೆಗಳಲ್ಲಿ ಹುಡುಗರು ಕ್ರಿಯಾಪದಗಳನ್ನು ಗಟ್ಟಿಮಾಡಿದರು. ಗಾಡಿಗಳು ತಿರುಗುತ್ತಿದ್ದ ಅಂಗಳದಲ್ಲಿ ಓಡಾಡಿ ಕೂಗಾಡಿದರು. ಕೆಲವರಿಗೆ ಇದು ಮನೆಯ ಅಧಃಪತನವೆಂದು ತೋರೀತು. ಪಾಠ ಹೇಳುವ ವೃತ್ತಿಯ ನನಗೆ ಹಾಗೆ ತೋರುವುದಿಲ್ಲ. ಬಾಗಿಲು ಮುಚ್ಚಿದ ಮನೆಗೆ ಗೆದ್ದಲು ಹತ್ತುತ್ತದೆ. ಮಕ್ಕಳ ಗದ್ದಲವಿರುವ ಮನೆಯ ಮಾಡು ಸೋರಿದರೆ ಯಾರಾದರೊಬ್ಬರು ಹಂಚು ಹೊದಿಸುತ್ತಾರೆ.

ಕೆಡವಿದ ಕೈಯೇ ಕಾಯ್ದಿತು

೧೮೫೩ರಿಂದ ೧೮೭೦ರವರೆಗೆ ಪ್ಯಾರಿಸ್ಸಿನ ಆಡಳಿತದ ಸೂತ್ರ ಓಸ್ಮಾನ್ ಎಂಬ ಅಧಿಕಾರಿಯ ಕೈಯಲ್ಲಿತ್ತು. ಇಕ್ಕಟ್ಟಾದ ಗಲ್ಲಿಗಳನ್ನು ಒಡೆದು ವಿಶಾಲವಾದ ರಾಜಮಾರ್ಗಗಳನ್ನು ತೆರೆದವನು ಅವನು. ನೆಲದಡಿಯ ಚರಂಡಿ, ಕುಡಿಯುವ ನೀರು, ಉದ್ಯಾನಗಳು ಎಲ್ಲವೂ ಆ ಕಾಲದ ಕೊಡುಗೆಗಳೇ. ಆದರೆ ಅದಕ್ಕೆ ತೆತ್ತ ಬೆಲೆ ಸಾವಿರಾರು ಹಳೆಯ ಮನೆಗಳು. ಕೆಡವುತ್ತ ಕೆಡವುತ್ತಲೇ, ಕಣ್ಮರೆಯಾಗುತ್ತಿರುವ ನಗರದ ನೆನಪಿಗೆ ಒಂದು ನೆಲೆ ಬೇಕೆಂಬ ಆಲೋಚನೆ ಹುಟ್ಟಿತು. ೧೮೬೬ರಲ್ಲಿ ಅವನ ಪ್ರೇರಣೆಯಿಂದಲೇ ನಗರಸಭೆ ಕಾರ್ನವಾಲೆಯನ್ನು ಕೊಂಡುಕೊಂಡಿತು. ಮರುವರ್ಷ ಮನೆಯ ಮುಂದಿನ ಬೀದಿಗೆ ಹೊಸ ಹೆಸರಿಟ್ಟರು. ಕಟ್ಟಿಸಿದ ನ್ಯಾಯಾಧಿಪತಿಯ ಹೆಸರಲ್ಲ, ಕೊಂಡವರ ಹೆಸರಲ್ಲ, ‘ಸೆವಿನ್ಯೆ ಬೀದಿ’!

ಪರೀಕ್ಷೆ ಬೇಗನೆ ಬಂದಿತು. ೧೮೭೧ರ ಮೇ ತಿಂಗಳಲ್ಲಿ, ಕಮ್ಯೂನ್ ದಂಗೆಯ ಕೊನೆಯ ದಿನಗಳಲ್ಲಿ, ನಗರಸಭಾ ಭವನಕ್ಕೆ ಬೆಂಕಿ ಬಿದ್ದಿತು. ಅದರೊಡನೆ ನಗರದ ಗ್ರಂಥಭಂಡಾರವೂ ಬೂದಿಯಾಯಿತು. ಆಗ ಜೂಲ್ ಕೂಜ್ಯಾಂ ಎಂಬ ಗ್ರಂಥಪಾಲಕನು, ಪ್ಯಾರಿಸ್ಸಿನ ಚರಿತ್ರೆಗೆ ಸಂಬಂಧಿಸಿದಂತೆ ತಾನು ಸ್ವಂತಕ್ಕಾಗಿ ಕೂಡಿಸಿಟ್ಟಿದ್ದ ಸಾವಿರಾರು ಗ್ರಂಥಗಳನ್ನೂ ಚಿತ್ರಗಳನ್ನೂ ನಗರಕ್ಕೆ ದಾನಮಾಡಿದನು. ಅವು ಬಂದು ಸೇರಿದ್ದು ಕಾರ್ನವಾಲೆಯಲ್ಲಿ. ೧೮೮೦ರಲ್ಲಿ ಅಲ್ಲಿಯೇ ಪ್ಯಾರಿಸ್ ನಗರದ ಇತಿಹಾಸದ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು.

ಅಂದಿನಿಂದ ನಿರಾಶ್ರಿತರಿಗೆಲ್ಲ ಅದು ತವರಾಗಿದೆ. ಬೀದಿ ಅಗಲಮಾಡುವಾಗ ಬಿದ್ದುಹೋಗಬೇಕಾಗಿದ್ದ ಜವಳಿ ವರ್ತಕರ ಸಂಘದ ಮುಂಗೋಡೆ, ನದೀದ್ವೀಪದಲ್ಲಿದ್ದ ನಸರೆತ್ ಕಮಾನು ಇವೆಲ್ಲ ಕಲ್ಲುಕಲ್ಲಾಗಿ ಬಂದು ಅಲ್ಲಿ ಮತ್ತೆ ಎದ್ದು ನಿಂತಿವೆ. ಅಂಗಳದ ನಡುವೆ ಹದಿನಾಲ್ಕನೆಯ ಲೂಯಿಯ ಕಂಚಿನ ಪ್ರತಿಮೆಯಿದೆ. ೧೬೮೯ರಲ್ಲಿ ಕ್ವಾಸ್ವೋ ಎಂಬ ಶಿಲ್ಪಿ ನಗರಸಭಾ ಭವನಕ್ಕಾಗಿ ಮಾಡಿದ್ದು; ರಾಜರ ಪ್ರತಿಮೆಗಳನ್ನು ಕರಗಿಸಿದ ಕ್ರಾಂತಿಯ ಕೈಯಿಂದ ತಪ್ಪಿಸಿಕೊಂಡ ಕೆಲವೇ ವಿಗ್ರಹಗಳಲ್ಲಿ ಒಂದು. ರಾಜನ ನೆರಳನ್ನರಸಿ ಮರೇ ಬಡಾವಣೆಯನ್ನು ಬಿಟ್ಟುಹೋದರು ಶ್ರೀಮಂತರು; ಕಡೆಗೆ ರಾಜನೇ ನೆರಳನ್ನರಸಿ ಮರೇ ಬಡಾವಣೆಗೆ ಬಂದನು!

ಒಳಗೆ, ೧೯೨೨ರಲ್ಲಿ ತೀರಿಕೊಂಡ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತನ ಮಲಗುವ ಕೋಣೆಯ ಸಾಮಗ್ರಿಗಳನ್ನು ಇರಿಸಿದ್ದಾರೆ. ಹಾಸಿಗೆಯಲ್ಲಿ ಒರಗಿಕೊಂಡೇ ಮಹಾಕಾದಂಬರಿಯನ್ನು ಬರೆದವನು ಅವನು. ಆ ಕಾದಂಬರಿಯ ಅಜ್ಜಿಗೆ ಪ್ರಾಣಪ್ರಿಯವಾದ ಪುಸ್ತಕ ಯಾವುದು ಬಲ್ಲಿರಾ? ಮದಾಂ ದ ಸೆವಿನ್ಯೆಯ ಪತ್ರಗಳೇ. ಓದುಗನ ಮಂಚ ಬರೆದವಳ ಮನೆಗೆ ತಾನಾಗಿಯೇ ಬಂದು ಸೇರಿದಂತಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಮರೇ ಬಡಾವಣೆಗೆ ಮತ್ತೆ ಭಾಗ್ಯೋದಯವಾಯಿತು. ೧೯೬೨ರಲ್ಲಿ ಸಾಹಿತಿಯೂ ಸಂಸ್ಕೃತಿ ಸಚಿವನೂ ಆಗಿದ್ದ ಆಂದ್ರೆ ಮಾಲ್ರೋ ತಂದ ಶಾಸನವು, ಒಂದೊಂದು ಕಟ್ಟಡವನ್ನಲ್ಲದೆ ಇಡೀ ಹಳೆಯ ಕೇರಿಗಳನ್ನೇ ಕಾಪಾಡಲು ದಾರಿಮಾಡಿತು. ೧೯೮೯ರಲ್ಲಿ ಸಂಗ್ರಹಾಲಯವು ನೆರೆಯ ಮಹಾಗೃಹವೊಂದಕ್ಕೂ ಹರಡಿತು. ೨೦೧೬ರಲ್ಲಿ ಜೀರ್ಣೋದ್ಧಾರಕ್ಕಾಗಿ ಮುಚ್ಚಿದ ಬಾಗಿಲು ೨೦೨೧ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು. ಶಾಶ್ವತ ಸಂಗ್ರಹವನ್ನು ನೋಡಲು ಶುಲ್ಕವಿಲ್ಲ. ಒಂದು ಕಾಲಕ್ಕೆ ಮನೆತನವನ್ನು ವಿಚಾರಿಸಿ ತೆರೆಯುತ್ತಿದ್ದ ಹೆಬ್ಬಾಗಿಲನ್ನು ಇಂದು ಶಾಲೆಯ ಮಕ್ಕಳು ಸಾಲಾಗಿ ದಾಟಿ ಹೋಗುತ್ತಾರೆ.

ನಮ್ಮಲ್ಲಿ ಬಹುಮಂದಿ ಬಾಡಿಗೆಮನೆಗಳಲ್ಲಿ ಬಾಳಿದವರು. ಗೋಡೆಗೆ ಮೊಳೆ ಹೊಡೆಯಲೂ ಒಡೆಯನ ಅಪ್ಪಣೆಯನ್ನು ಕೇಳಿದವರು. ಬಿಡುವಾಗ ದೇವರ ಗೂಡಿನ ಮುಂದಿನ ರಂಗೋಲಿಯ ಗುರುತನ್ನೂ, ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಅಳೆದ ಗೆರೆಗಳನ್ನೂ ತಿರುತಿರುಗಿ ನೋಡಿ ಹೊರಟವರು. ನಮ್ಮದಲ್ಲದ ಮನೆಗೆ ಇಷ್ಟೇಕೆ ಮರುಗಬೇಕು ಎಂದು ಆಗ ಅನಿಸಿದ್ದರೆ, ಕಾರ್ನವಾಲೆ ಅದಕ್ಕೆ ಉತ್ತರ ಹೇಳುತ್ತದೆ. ಮನೆಯನ್ನು ಕೊಂಡವರು ಹಲವರು, ಕಳೆದುಕೊಂಡವರು ಹಲವರು. ಮದಾಂ ದ ಸೆವಿನ್ಯೆ ಬಾಡಿಗೆ ಪಡೆದದ್ದು ವೈಭವಕ್ಕಲ್ಲ. ನೊಂದುಕೊಂಡು ಹೋದ ಮಗಳು ಮತ್ತೆ ಬಂದರೆ ಇರಲು ಸ್ಥಳವಿರಲಿ ಎಂದು. ಬೀದಿಯ ಮೂಲೆಯಲ್ಲಿ ಇಂದಿಗೂ ಇರುವುದು ಆ ತಾಯಿಯ ಹೆಸರು.